ಹಾಸನದಲ್ಲೇ ಕೂತು ಅನಿಮೇಷನ್: ಮೂರು ವರ್ಷ, ಒಂದು ಸಾಲ, ಅಪ್ಪನ ಲೆಕ್ಕದ ಪುಸ್ತಕ

ಕಳೆದ ಸೋಮವಾರ ಮುದ್ರಾ ಸಾಲದ ಕೊನೆ ಕಂತು ಕಟ್ಟಿದೆ. ಐವತ್ತು ಸಾವಿರದ ಸಾಲ, 24 ಕಂತು, ತಿಂಗಳಿಗೆ 2,300 ಚಿಲ್ಲರೆ. ಕೇಳುವವರಿಗೆ ದೊಡ್ಡ ಮೊತ್ತ ಅನ್ನಿಸಲಿಕ್ಕಿಲ್ಲ. ಆದರೆ ಅದರ ಒಂದೊಂದು ರೂಪಾಯಿಯನ್ನೂ ನಾನು ಸಾಲಗಾಮೆ ರಸ್ತೆಯ ನಮ್ಮ ಮನೆಯಲ್ಲಿ ಕೂತು, ಅನಿಮೇಷನ್ ಮಾಡಿಯೇ ದುಡಿದೆ. ಬ್ಯಾಂಕಿನಿಂದ ಹೊರಗೆ ಬಂದವಳು ಆಟೋ ಹತ್ತಲಿಲ್ಲ. ಎನ್.ಆರ್. ಸರ್ಕಲ್ ತನಕ ನಡೆದುಕೊಂಡೇ ಹೋದೆ. ಮನಸ್ಸು ಅಷ್ಟು ಹಗುರವಾಗಿತ್ತು.

ಚಿತ್ರಕಲೆ ಓದಿ ಊರಿಗೆ ವಾಪಸ್ ಬಂದ ಜೂನಿಯರ್‌ಗಳು ಆಗಾಗ ಫೋನ್ ಮಾಡುತ್ತಾರೆ. "ಅಕ್ಕ, ಮನೇಲೇ ಇದ್ದುಕೊಂಡು ಆಗುತ್ತಾ?" ಅಂತ ಕೇಳುತ್ತಾರೆ. ಆಗುತ್ತೆ. ಆದರೆ ಚಿತ್ರ ಬರೆಯೋದು ಬಂದರೆ ಸಾಲದು. ಏನು ಮಾತಾಯಿತು, ಎಷ್ಟು ದುಡ್ಡು, ಯಾವತ್ತು ಕೊಡುತ್ತಾರೆ ಅನ್ನೋದನ್ನೆಲ್ಲ ಬರೆದಿಟ್ಟುಕೊಳ್ಳೋದೂ ಬರಬೇಕು. ಅದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ನೀವು ಓದಿ ಕಲಿತರೆ ಸಾಕು ಅಂತ ಬರೆಯುತ್ತಿದ್ದೇನೆ.

2022ರ ಜುಲೈನಲ್ಲಿ ಮೈಸೂರಿನಲ್ಲಿ ಬಿವಿಎ ಅನ್ನುವ ನಾಲ್ಕು ವರ್ಷದ ಚಿತ್ರಕಲೆ ಪದವಿ ಮುಗಿಯಿತು. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಕೆಲಸವೂ ಸಿಕ್ಕಿತ್ತು. ತಿಂಗಳಿಗೆ 14,000. ನಮ್ಮ ಅಪ್ಪ ಹಾಸನದ ಎಪಿಎಂಸಿಯಲ್ಲಿ ಆಲೂಗಡ್ಡೆ ಮಂಡಿಯೊಂದರ ಗುಮಾಸ್ತರು. ಲೆಕ್ಕ ಬರೆಯೋದೇ ಅವರ ಕೆಲಸ. ಪಿ.ಜಿ.ಗೆ 8,000, ಊಟ ತಿಂಡಿಗೆ ಇಷ್ಟು, ಬಸ್ಸಿಗೆ ಇಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಕೂಡಿಸಿದರು. ಕೊನೆಗೆ ಉಳಿಯುವುದು 900 ರೂಪಾಯಿ. ಹಾಳೆ ನನ್ನ ಮುಂದಿಟ್ಟು, "ನೋಡು ಪುಟ್ಟಿ, ನಿನ್ನಿಷ್ಟ" ಅಂದರು. ಎರಡು ದಿನ ನಿದ್ದೆ ಬರಲಿಲ್ಲ. ಕೊನೆಗೆ ಊರಲ್ಲೇ ಇರುತ್ತೇನೆ ಅಂದೆ.

ಈ ತೀರ್ಮಾನ ಎಲ್ಲರಿಗೂ ಸರಿ ಅಂತ ನಾನು ಹೇಳಲ್ಲ. ಸ್ಟುಡಿಯೋಗೆ ಹೋದ ಗೆಳತಿಯರು ಒಂದು ವರ್ಷದಲ್ಲಿ ಕಲಿತದ್ದನ್ನು ಕಲಿಯೋಕೆ ನನಗೆ ಎರಡು ವರ್ಷ ಬೇಕಾಯಿತು. ಪಕ್ಕದಲ್ಲಿ ಕೂತು "ಇಲ್ಲಿ ತಪ್ಪಾಗಿದೆ" ಅಂತ ತೋರಿಸುವವರು ಇಲ್ಲದ್ದು ದೊಡ್ಡ ನಷ್ಟವೇ.

ಮೊದಲ ನಾಲ್ಕು ತಿಂಗಳು ಶೋರೀಲ್, ಅಂದರೆ ನನ್ನ ಕೆಲಸದ ತುಣುಕುಗಳನ್ನು ತೋರಿಸುವ ವಿಡಿಯೋ, ಮಾಡೋದರಲ್ಲೇ ಹೋಯಿತು. ಒಂದು ಪೈಸೆ ಬರಲಿಲ್ಲ. ಮೊದಲು ಮಾಡಿದ ರೀಲ್ ಮೂರು ನಿಮಿಷದ್ದು. ಕಾಲೇಜಿನ ಅಸೈನ್‌ಮೆಂಟ್ ಒಂದನ್ನೂ ಬಿಟ್ಟಿರಲಿಲ್ಲ. ಇಪ್ಪತ್ತಾರು ಕಡೆ ಕಳಿಸಿದೆ. ಎರಡು ಕಡೆಯಿಂದ ಉತ್ತರ ಬಂತು, ಎರಡೂ "ಸದ್ಯಕ್ಕೆ ಬೇಡ". ಮನೆಗೆ ಬಂದವರೆಲ್ಲ "ಮಗಳು ಮನೇಲೇ ಇದ್ದಾಳಲ್ಲ, ಗಂಡು ನೋಡ್ತಿದೀರಾ?" ಅಂತ ಅಮ್ಮನನ್ನು ಕೇಳೋರು. ಅಮ್ಮ ಏನೂ ಹೇಳದೆ ಕಾಫಿ ತರೋಕೆ ಒಳಗೆ ಹೋಗುತ್ತಿದ್ದರು. ಆ ದಿನಗಳಲ್ಲಿ ಅಮ್ಮನ ಮುಖ ನೋಡೋದೇ ನನಗೆ ಕಷ್ಟವಾಗಿತ್ತು.

ಬೆಂಗಳೂರಿನಲ್ಲಿ ಕೆಲಸ ಮಾಡುವ ಸೀನಿಯರ್ ಅಕ್ಕ ಒಬ್ಬರು ನನ್ನ ರೀಲ್ ನೋಡಿ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದರು. "ನೋಡೋರು ಹದಿನೈದು ಸೆಕೆಂಡ್ ನೋಡ್ತಾರೆ ಕಣೇ. ಒಳ್ಳೇದನ್ನ ಮೊದಲು ಹಾಕು. ಡೌಟ್ ಇರೋದನ್ನ ತೆಗೆದುಬಿಡು. ಯಾವ ಶಾಟ್‌ನಲ್ಲಿ ನೀನು ಏನು ಮಾಡಿದೀಯ ಅಂತ ಕೆಳಗೆ ಬರಿ." ಮೂರು ನಿಮಿಷದ್ದು 50 ಸೆಕೆಂಡ್ ಆಯಿತು. ಐದೇ ಶಾಟ್.

ಮೊದಲ ಶಾಟ್ ಹೊಸದಾಗಿ ಮಾಡಿದೆ. ಅಪ್ಪನ ಮಂಡಿಯಲ್ಲಿ ಹಮಾಲಿಯೊಬ್ಬರು 50 ಕೆ.ಜಿ. ಆಲೂಗಡ್ಡೆ ಮೂಟೆ ಹೊರೋದು. ಮೂರು ಬೆಳಿಗ್ಗೆ ಅಲ್ಲೇ ಮೂಲೆಯಲ್ಲಿ ನಿಂತು ಸ್ಕೆಚ್ ಮಾಡಿದೆ. ಮೂಟೆ ಬೆನ್ನಿಗೆ ಬೀಳೋಕೆ ಮೊದಲೇ ಅವರ ಮೊಣಕಾಲು ಬಾಗುತ್ತದೆ. ಕುತ್ತಿಗೆ ಭುಜದೊಳಗೆ ಇಳಿಯುತ್ತದೆ. ಮೂಟೆ ಬಿದ್ದ ಮೇಲೆ ತಕ್ಷಣ ನಡೆಯಲ್ಲ. ಒಂದು ಸಣ್ಣ ತಡೆ, ಪಾದ ಅಗಲ ಮಾಡಿಕೊಳ್ಳುತ್ತಾರೆ, ಆಮೇಲೆ ಮೊದಲ ಹೆಜ್ಜೆ. ಆ ಸಣ್ಣ ತಡೆಗೆ ಎಂಟು ಫ್ರೇಮ್, ಅಂದರೆ ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ ಎಂಟು ಚಿತ್ರ, ಕೊಟ್ಟೆ. ಅಷ್ಟು ಕೊಟ್ಟ ಮೇಲೆಯೇ ಮೂಟೆಗೆ ಭಾರ ಬಂದದ್ದು. ಇವತ್ತಿಗೂ ನನ್ನ ರೀಲ್ ನೋಡಿದವರು ಮೊದಲು ಮಾತಾಡೋದು ಆ ಶಾಟ್ ಬಗ್ಗೆಯೇ. ನಿಮ್ಮ ಊರಲ್ಲಿ ನಿಮಗಷ್ಟೇ ಹತ್ತಿರದಿಂದ ಗೊತ್ತಿರುವುದನ್ನು ರೀಲ್‌ನಲ್ಲಿ ಹಾಕಿ. ಎಲ್ಲರೂ ಮಾಡುವ ಪುಟಿಯುವ ಚೆಂಡು ಬೇಡ.

ಸಾಫ್ಟ್‌ವೇರ್‌ಗೆ ದುಡ್ಡಿಲ್ಲ ಅಂತ ನಿಲ್ಲಬೇಡಿ. ಬ್ಲೆಂಡರ್, ಕ್ರಿಟಾ, ಓಪನ್‌ಟೂನ್ಜ್ ಮೂರೂ ಉಚಿತ. 2025ರಲ್ಲಿ ಆಸ್ಕರ್ ಗೆದ್ದ ಅನಿಮೇಷನ್ ಚಿತ್ರ ಬ್ಲೆಂಡರ್‌ನಲ್ಲೇ ಮಾಡಿದ್ದು. ಕದ್ದ ಸಾಫ್ಟ್‌ವೇರ್ ಮಾತ್ರ ಬೇಡ. ಒಂದು ದಿನ ಫೈಲ್ ತೆರೆಯದೇ ಹೋದರೆ ಯಾರನ್ನೂ ಕೇಳೋಕಾಗಲ್ಲ.

ಮೊದಲ ದುಡ್ಡು ಬಂದದ್ದು 2023ರ ಜನವರಿಯಲ್ಲಿ, ಮದುವೆ ಆಮಂತ್ರಣದ ವಿಡಿಯೋದಿಂದ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರಲ್ಲ, ಅದು. ಒಂದಕ್ಕೆ 1,500. ಸಣ್ಣ ಕೆಲಸ ಅಂತ ಬಿಡಬೇಡಿ, ಸೀಸನ್‌ನಲ್ಲಿ ಖರ್ಚು ನಡೆಯುತ್ತದೆ. ಒಂದೇ ಎಚ್ಚರಿಕೆ: ಹೆಸರು, ಮುಹೂರ್ತ, ಛತ್ರದ ವಿಳಾಸ ಎಲ್ಲವನ್ನೂ ಮನೆಯವರಿಂದಲೇ ಟೈಪ್ ಮಾಡಿಸಿ ತರಿಸಿಕೊಳ್ಳಿ. ಫೋನಿನಲ್ಲಿ ಕೇಳಿ ಬರೆದರೆ ದೀರ್ಘ ತಪ್ಪುತ್ತದೆ, ಆಮೇಲೆ ಇಡೀ ನೆಂಟರು ಫೋನ್ ಮಾಡುತ್ತಾರೆ.

ಈಗ ನಾನು ಕಳೆದುಕೊಂಡ ಕಥೆ.

2023ರ ಮಾರ್ಚ್‌ನಲ್ಲಿ ಮಕ್ಕಳ ಹಾಡಿನ ಚಾನೆಲ್ ನಡೆಸುವವರೊಬ್ಬರು ರೀಲ್ ನೋಡಿ ಫೋನ್ ಮಾಡಿದರು. ಮೂರು ಹಾಡು, ಒಂದೊಂದು ಒಂದೂವರೆ ನಿಮಿಷ, ಒಟ್ಟು 42,000. ಮಾತೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಆಯಿತು. 15,000 ಮುಂಗಡ ಬಂತು. ಅಷ್ಟು ದುಡ್ಡು ಒಟ್ಟಿಗೆ ನನ್ನ ಖಾತೆಗೆ ಬಂದದ್ದು ಅದೇ ಮೊದಲು. ಅಮ್ಮ ದೇವರ ಮನೆಯಲ್ಲಿ ದೀಪ ಹಚ್ಚಿದರು.

ಒಂದು ಹಾಡಿನ ನಡುವೆ ಪುಟ್ಟ ಹುಡುಗಿ "ಅಮ್ಮ, ಹಬ್ಬಕ್ಕೆ ಒಬ್ಬಟ್ಟು ಮಾಡಮ್ಮ" ಅನ್ನುತ್ತಾಳೆ. ತುಟಿ ಕೂಡಿಸೋಕೆ, ಅಂದರೆ ಲಿಪ್ ಸಿಂಕ್‌ಗೆ, ಕಾಲೇಜಿನಲ್ಲಿ ನಮಗೆ ಕೊಟ್ಟಿದ್ದು ಇಂಗ್ಲಿಷ್ ಬಾಯಿಗಳ ಪಟ್ಟಿ. ಅದನ್ನು ಇಟ್ಟುಕೊಂಡು ಮಾಡಿದರೆ ಹುಡುಗಿ ಬೇರೆ ಯಾವುದೋ ಭಾಷೆ ಮಾತಾಡಿ ಯಾರೋ ಕನ್ನಡಕ್ಕೆ ಡಬ್ ಮಾಡಿದ ಹಾಗೆ ಕಾಣುತ್ತಿತ್ತು. ಎಲ್ಲಿ ತಪ್ಪು ಅಂತ ಮೂರು ದಿನ ಗೊತ್ತಾಗಲಿಲ್ಲ. ಕೊನೆಗೆ ಅಮ್ಮನನ್ನು ಕಿಟಕಿ ಬೆಳಕಿನಲ್ಲಿ ಕೂರಿಸಿ ಆ ಸಾಲು ಹೇಳಿಸಿ, ಫೋನಿನಲ್ಲಿ ಸ್ಲೋ ಮೋಷನ್ ಹಿಡಿದೆ. ಒಂದೊಂದೇ ಫ್ರೇಮ್ ಎಣಿಸಿ, ಸೆಕೆಂಡಿಗೆ 24ರ ಲೆಕ್ಕಕ್ಕೆ ಇಳಿಸಿಕೊಂಡೆ. ಒಂಟಿ "ಮ" ಬಂದಾಗ ತುಟಿ ಮುಚ್ಚಿರುವುದು ಎರಡು ಫ್ರೇಮ್. "ಅಮ್ಮ" ಅನ್ನುವಾಗಿನ "ಮ್ಮ"ಗೆ ನಾಲ್ಕು. "ಹಬ್ಬ"ದ "ಬ್ಬ"ಕ್ಕೂ ನಾಲ್ಕು, ಮೇಲಾಗಿ ತುಟಿ ಸ್ವಲ್ಪ ಒತ್ತಿಕೊಳ್ಳುತ್ತದೆ. ನಾನು ಎಲ್ಲಾ ಕಡೆ ಎರಡೇ ಕೊಟ್ಟಿದ್ದೆ. ನಮ್ಮ ಒತ್ತಕ್ಷರವನ್ನೇ ನುಂಗಿದ್ದೆ! ಜೊತೆಗೆ ಕನ್ನಡದ ಮಾತು ಹೆಚ್ಚಾಗಿ ಸ್ವರದಲ್ಲಿ ನಿಲ್ಲುತ್ತದೆ. ಪದ ಮುಗಿದ ತಕ್ಷಣ ಬಾಯಿ ಮುಚ್ಚಿಸಬಾರದು, ನಿಧಾನ ಇಳಿಸಬೇಕು. ಸರಿಮಾಡಿ ಪ್ಲೇ ಮಾಡಿದಾಗ ಆ ಹುಡುಗಿ ನಮ್ಮ ಮನೆಯವಳೇ ಆಗಿಬಿಟ್ಟಳು. ಕನ್ನಡಕ್ಕೆ ಅಂತ ಹತ್ತು ಬಾಯಿಗಳ ಪಟ್ಟಿ ಅವತ್ತೇ ಬರೆದುಕೊಂಡೆ. ಈಗಲೂ ಅದೇ ನನ್ನ ಗೋಡೆಯ ಮೇಲಿದೆ.

ಎಲ್ಲಾ ಮುಗಿದ ಮೇಲೆ ಅವರು ಹಾಡಿದ ಮಗುವನ್ನೇ ಬದಲಾಯಿಸಿದರು. "ಸಣ್ಣ ಚೇಂಜ್ ಮೇಡಂ, ವಾಯ್ಸ್ ಮಾತ್ರ" ಅಂದರು. ಹೊಸ ದನಿ ಬೇರೆ ವೇಗ, ಬೇರೆ ಉಸಿರು. ಲಿಪ್ ಸಿಂಕ್ ಪೂರ್ತಿ ಮತ್ತೆ ಮಾಡಿದೆ, 18 ದಿನ. ಜಾಸ್ತಿ ದುಡ್ಡು ಕೇಳೋಕೆ ಬಾಯಿ ಬರಲಿಲ್ಲ. ಆಮೇಲೆ, "ನಮ್ಮ ಎಡಿಟರ್ ಸೈಜ್ ಬದಲಾಯಿಸಬೇಕು, ಪ್ರಾಜೆಕ್ಟ್ ಫೈಲ್ ಕಳಿಸಿ" ಅಂದರು. ಕೆಲಸದ ಮೂಲವೆಲ್ಲ ಆ ಫೈಲ್‌ನಲ್ಲೇ ಇರುತ್ತದೆ. ಆದರೂ ನಂಬಿ ಕಳಿಸಿದೆ. ಅವತ್ತಿನಿಂದ ಫೋನ್ ಎತ್ತಲಿಲ್ಲ.

ಬಾಕಿ 27,000. ಹಾಡು ಮಾತ್ರ ಚಾನೆಲ್‌ನಲ್ಲಿ ಬಂತು. ಪಕ್ಕದ ಮನೆಯ ಮಗು ಅದನ್ನು ನೋಡುತ್ತಾ ಅನ್ನ ತಿನ್ನುತ್ತಿತ್ತು. ಅದರ ಅಮ್ಮ "ನೋಡು, ಅಕ್ಕ ಮಾಡಿರೋದು" ಅನ್ನೋರು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡು ಅಳುತ್ತಿದ್ದೆ.

ಅಪ್ಪನಿಗೆ ಹೇಳಿದ್ದು ಎರಡು ತಿಂಗಳ ಮೇಲೆ. ಅವರು ಬೈಯಲಿಲ್ಲ. "ತೂಕದ ಚೀಟಿ ಇಲ್ದೆ ಮಂಡೀಲಿ ಒಂದು ಮೂಟೆ ಇಳಿಸ್ತಾರೇನಮ್ಮ?" ಅಂತ ಮಾತ್ರ ಕೇಳಿದರು. ಮಾರನೇ ದಿನ ಕೆಂಪು ಬಟ್ಟೆ ಬೈಂಡಿನ ಹೊಸ ಲೆಕ್ಕದ ಪುಸ್ತಕ ತಂದರು. ಮೊದಲ ಪುಟದಲ್ಲಿ ಕೆಲಸ, ಒಪ್ಪಿದ ದಿನ, ಮುಂಗಡ, ಕೊಡಬೇಕಾದ ದಿನ, ಬಾಕಿ ಅಂತ ಐದು ಗೆರೆ ಎಳೆದರು. ಮೊದಲ ಸಾಲಿನಲ್ಲಿ ಆ 27,000 ಬರೆದರು. ನನ್ನ ವ್ಯವಹಾರ ನಿಜವಾಗಿ ಶುರುವಾದದ್ದು ಆ ದಿನ ಅಂತಲೇ ನನ್ನ ಭಾವನೆ.

ಅದೇ ಸೆಪ್ಟೆಂಬರ್‌ನಲ್ಲಿ ಉದ್ಯಮ್ ಅನ್ನುವ ಸರ್ಕಾರಿ ನೋಂದಣಿ ಮಾಡಿಸಿದೆ. ಇದನ್ನು ಗಮನವಿಟ್ಟು ಓದಿ. ಮನೆಯಲ್ಲಿ ಒಬ್ಬರೇ ಕೂತು ಕೆಲಸ ಮಾಡುವವರೂ ಸರ್ಕಾರದ ಲೆಕ್ಕದಲ್ಲಿ ಕಿರು ಉದ್ಯಮವೇ. ಆಧಾರ್, ಪ್ಯಾನ್, ಆಧಾರ್‌ಗೆ ಜೋಡಿಸಿದ ಮೊಬೈಲ್, ಬ್ಯಾಂಕ್ ಖಾತೆಯ ವಿವರ ಇದ್ದರೆ ಸಾಕು. ಸೇವೆ ವಿಭಾಗದಲ್ಲಿ ಚಲನಚಿತ್ರ, ವಿಡಿಯೋ ತಯಾರಿಕೆ ಅಂತ ಆರಿಸಿಕೊಳ್ಳಬೇಕು. ಅರ್ಧ ಗಂಟೆ ಕೆಲಸ, ಪೂರ್ತಿ ಉಚಿತ. ಸೈಬರ್ ಸೆಂಟರ್ ಒಂದರಲ್ಲಿ ನನ್ನನ್ನು 1,500 ಕೇಳಿದ್ದರು. ಸರ್ಕಾರದ್ದೇ ಅನ್ನಿಸುವ ಖಾಸಗಿ ವೆಬ್‌ಸೈಟ್‌ಗಳೂ ಇವೆ. ವಿಳಾಸ ಜಿಒವಿ ಡಾಟ್ ಇನ್ ಅಂತ ಮುಗಿಯುತ್ತದಾ ನೋಡಿಕೊಳ್ಳಿ.

ಇದರಿಂದ ಏನು ಲಾಭ? 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕಿರು, ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ದಿನ ಮಾತಾಡಿಕೊಂಡಿಲ್ಲ ಅಂದರೆ 15 ದಿನವೇ ಗಡುವು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡೋಕೆ ಸರ್ಕಾರದ ಪೋರ್ಟಲ್ ಇದೆ. ಓದಿ ನನಗೆ ತುಂಬಾ ಖುಷಿಯಾಯಿತು. ಆದರೆ ನನ್ನ ಕೆಲಸ ಮುಗಿದದ್ದು ಜೂನ್‌ನಲ್ಲಿ, ನೋಂದಣಿ ಆದದ್ದು ಸೆಪ್ಟೆಂಬರ್‌ನಲ್ಲಿ. ನೋಂದಣಿಗೆ ಮೊದಲು ಮಾಡಿದ ಕೆಲಸಕ್ಕೆ ಈ ದಾರಿ ಹಿಡಿದರೆ ನಿಲ್ಲೋದು ಕಷ್ಟ ಅಂದರು ಆಡಿಟರ್. ಅದಕ್ಕೇ ಹೇಳುತ್ತಿದ್ದೇನೆ, ಮೊದಲ ಬಿಲ್ ಕಳಿಸುವ ಮುಂಚೆಯೇ ಇದನ್ನು ಮಾಡಿಸಿಕೊಳ್ಳಿ. ನಾನು ಚಾಟ್‌ನ ಸ್ಕ್ರೀನ್‌ಶಾಟ್, ಬಿಲ್ ಎಲ್ಲಾ ಸೇರಿಸಿ ತಿಂಗಳಿಗೊಂದು ಇ-ಮೇಲ್ ಕಳಿಸುತ್ತಾ ಹೋದೆ. ಮರ್ಯಾದೆಯಿಂದಲೇ ಬರೆದೆ. 2024ರಲ್ಲಿ 12,000 ಬಂತು. ಉಳಿದ 15,000 ಇನ್ನೂ ಬಂದಿಲ್ಲ.

ಅಷ್ಟರಲ್ಲಿ ಕಾಲೇಜಿನ ಲ್ಯಾಪ್‌ಟಾಪ್ ಕೈಕೊಡತೊಡಗಿತ್ತು. ಒಳ್ಳೆಯ ಡೆಸ್ಕ್‌ಟಾಪ್, ಜೊತೆಗೆ ಪೆನ್ ಟ್ಯಾಬ್ಲೆಟ್, ಯುಪಿಎಸ್ ಸೇರಿ 78,000ದ ಕೊಟೇಶನ್ ಆಯಿತು. ಮುದ್ರಾದಲ್ಲಿ ಶಿಶು ಅನ್ನುವ ವಿಭಾಗ ಇದೆ, 50,000 ತನಕ, ಅಡಮಾನ ಬೇಡ. ಬ್ಯಾಂಕಿಗೆ ಹೋದೆ. ಮೊದಲ ಸಲ, "ಅಂಗಡಿ ಎಲ್ಲಿ? ಅಂಗಡಿ ಫೋಟೋ ತನ್ನಿ" ಅಂತ ಅರ್ಜಿ ವಾಪಸ್ ಕೊಟ್ಟರು. ಎರಡನೇ ಸಲ ಸಂಬಂಧಪಟ್ಟವರು ರಜೆ. ಮೂರನೇ ಸಲ ಅಪ್ಪ ಹೇಳಿದ ಹಾಗೆ ಎಲ್ಲವನ್ನೂ ಒಂದು ಫೈಲ್ ಮಾಡಿಕೊಂಡು ಹೋದೆ. ಉದ್ಯಮ್ ಪ್ರಮಾಣಪತ್ರ, ಆಧಾರ್, ಪ್ಯಾನ್, ಎರಡು ಫೋಟೋ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕೊಟೇಶನ್, ಅದುವರೆಗೆ ಮಾಡಿದ ಒಂಬತ್ತು ಬಿಲ್. ಸ್ಟೇಟ್‌ಮೆಂಟ್‌ನಲ್ಲಿ ಕ್ಲೈಂಟ್‌ಗಳಿಂದ ಬಂದ ದುಡ್ಡಿನ ಸಾಲುಗಳಿಗೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿದ್ದೆ. ಲ್ಯಾಪ್‌ಟಾಪ್ ತೆರೆದು ಮೂಟೆ ಹೊರುವ ಶಾಟ್ ತೋರಿಸಿದೆ. ಮ್ಯಾನೇಜರ್ ಎರಡು ಸಲ ನೋಡಿ, "ಇದನ್ನ ನೀವೇ ಬರೆದಿದ್ದಾ?" ಅಂದರು. ಮೊದಲ ಭೇಟಿಯಿಂದ ಮಂಜೂರಾಗುವ ತನಕ ಏಳು ವಾರ. 2023ರ ನವೆಂಬರ್‌ನಲ್ಲಿ ದುಡ್ಡು ನೇರವಾಗಿ ಕಂಪ್ಯೂಟರ್ ಅಂಗಡಿಗೆ ಹೋಯಿತು. ಉಳಿದದ್ದಕ್ಕೆ ಅಮ್ಮನ ಚೀಟಿ ದುಡ್ಡು 20,000, ನನ್ನದು 8,000.

ಯುಪಿಎಸ್ ಇದ್ದರೂ ನಮ್ಮ ಕಡೆಯ ಮಳೆಗಾಲ ಕಷ್ಟವೇ. ಜುಲೈನಲ್ಲಿ ಒಂದು ಸಲ ಕರೆಂಟ್ ಹೋದರೆ ಯಾವಾಗ ಬರುತ್ತೆ ಹೇಳೋಕಾಗಲ್ಲ. ಒಂದು ನಿಮಿಷದ ವಿಡಿಯೋ ಅಂದರೆ ಸೆಕೆಂಡಿಗೆ 24ರಂತೆ 1,440 ಫ್ರೇಮ್. ಒಂದು ಫ್ರೇಮ್‌ಗೆ 40 ಸೆಕೆಂಡ್ ಹಿಡಿದರೂ ರೆಂಡರ್‌ಗೆ, ಅಂದರೆ ಕಂಪ್ಯೂಟರ್ ಕೊನೆಯ ಚಿತ್ರಗಳನ್ನು ತಯಾರಿಸೋಕೆ, 16 ಗಂಟೆ. ಹದಿಮೂರನೇ ಗಂಟೆಗೆ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೂಗಿ ನಿಂತು, ಇಡೀ ವಿಡಿಯೋ ಫೈಲ್ ಹಾಳಾದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಅವತ್ತಿನಿಂದ ಯಾವತ್ತೂ ನೇರವಾಗಿ ವಿಡಿಯೋ ರೆಂಡರ್ ಮಾಡಿಲ್ಲ. ಒಂದೊಂದು ಫ್ರೇಮ್ ಒಂದೊಂದು ಪಿಎನ್‌ಜಿ ಚಿತ್ರವಾಗಿ ಉಳಿಯುವ ಹಾಗೆ ಹಾಕುತ್ತೇನೆ. ಕರೆಂಟ್ ಹೋದರೆ ನಿಂತ ಫ್ರೇಮಿನಿಂದ ಮುಂದುವರಿಸಬಹುದು. ಕೊನೆಗೆ ಎಲ್ಲಾ ಜೋಡಿಸಿ ವಿಡಿಯೋ ಮಾಡಿದರಾಯಿತು.

2024ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅನಿಮೇಷನ್, ಗೇಮಿಂಗ್ ಕ್ಷೇತ್ರದ ಗಾಫ್‌ಎಕ್ಸ್ ಸಮ್ಮೇಳನ ಇತ್ತು. ರಾಜ್ಯ ಸರ್ಕಾರ ಇದೇ ಕ್ಷೇತ್ರಕ್ಕೆ ಅಂತ ಎವಿಜಿಸಿ-ಎಕ್ಸ್‌ಆರ್ ನೀತಿ 2024-29 ಬಿಡುಗಡೆ ಮಾಡಿದ್ದೂ ಆಗಲೇ. ಬೆಳಗಿನ ರೈಲಿಗೆ ಹೋಗಿ ರಾತ್ರಿ ವಾಪಸ್ ಬಂದೆ. ಭಾಷಣಗಳಿಗಿಂತ ಕಾಫಿ ಸಾಲಿನಲ್ಲಿ ಸಿಕ್ಕಿದವರು ಮುಖ್ಯವಾದರು. ಅಲ್ಲಿ ಪರಿಚಯವಾದವರ ಮೂಲಕ ಮೇ ತಿಂಗಳಲ್ಲಿ ಸಕಲೇಶಪುರ, ಆಲೂರು ಭಾಗದ ಕಾಡಾನೆ ಹಾವಳಿ ಬಗ್ಗೆ ತಿಳಿವಳಿಕೆ ಮೂಡಿಸುವ 90 ಸೆಕೆಂಡಿನ ಚಿತ್ರದ ಕೆಲಸ ಬಂತು, 36,000ಕ್ಕೆ. ಮೊದಲ ಕಟ್ ಅನ್ನು ಒಂದು ಹಳ್ಳಿಯಲ್ಲಿ ತೋರಿಸಿದಾಗ ಕಾಫಿ ತೋಟದ ಹಿರಿಯರೊಬ್ಬರು, "ಆನೆ ಹಿಂಗೆ ನಡೆಯಲ್ಲ ಕಣಮ್ಮ, ಇದು ಕುದುರೆ ಓಟ" ಅಂದರು. ಅವರೇ ಬೆರಳಿನಲ್ಲಿ ಮೇಜಿನ ಮೇಲೆ ತೋರಿಸಿದರು. ಹಿಂದಿನ ಎಡಗಾಲು, ಮುಂದಿನ ಎಡಗಾಲು, ಹಿಂದಿನ ಬಲಗಾಲು, ಮುಂದಿನ ಬಲಗಾಲು. ಎಷ್ಟು ಜೋರಾಗಿ ಹೋದರೂ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡಲ್ಲ. ಮನೆಗೆ ಬಂದು ನಡಿಗೆ ಪೂರ್ತಿ ಹೊಸದಾಗಿ ಮಾಡಿದೆ. ನಡಿಗೆ ತಪ್ಪು ಮಾಡಿದ್ದು ನಾನೇ, ಅದಕ್ಕೆ ದುಡ್ಡು ಕೇಳಲಿಲ್ಲ. ಈ ಚಿತ್ರ ಮಾಡಿಸಿದವರ ಜೊತೆ ಎಲ್ಲವೂ ಬರವಣಿಗೆಯಲ್ಲಿತ್ತು, ದುಡ್ಡು ಹೇಳಿದ ದಿನವೇ ಬಂತು.

ಆದರೆ 3,600 ಕಡಿಮೆ ಬಂತು. ಮತ್ತೆ ಮೋಸ ಹೋದೆ ಅಂತ ಎದೆ ಧಸಕ್ ಅಂತು. ಅದು ಟಿಡಿಎಸ್, ಅಂದರೆ ದುಡ್ಡು ಕೊಡುವವರು ಮೊದಲೇ ಹಿಡಿದುಕೊಂಡು ಕಟ್ಟುವ ತೆರಿಗೆ, ಶೇ 10. ಮೋಸ ಅಲ್ಲ. ನನ್ನ ಪ್ಯಾನ್ ಹೆಸರಿನಲ್ಲಿ ಜಮಾ ಆಗಿತ್ತು, 26ಎಎಸ್ ಅನ್ನುವ ತೆರಿಗೆ ಪಟ್ಟಿಯಲ್ಲಿ ಕಂಡಿತು. ಮುಂದಿನ ವರ್ಷ ರಿಟರ್ನ್ ಹಾಕಿದಾಗ ವಾಪಸ್ ಬಂತು. ಆದಾಯ ಕಡಿಮೆ ಇದ್ದರೂ ರಿಟರ್ನ್ ಹಾಕಿ. ಯಾವ ಫಾರಂ ಅಂತ ಆಡಿಟರ್‌ಗೆ ಕೇಳಿ, ನನ್ನ ಹತ್ತಿರ 1,000 ತೆಗೆದುಕೊಂಡರು. ಸೇವೆ ಮಾತ್ರ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ.

ಹೊರದೇಶದ ಕೆಲಸ ಒಂದೇ ಮಾಡಿದ್ದೇನೆ, 300 ಡಾಲರ್‌ದು. ಶುಲ್ಕ, ವಿನಿಮಯ ದರ ಅಂತ ಸುಮಾರು 2,000 ರೂಪಾಯಿ ದಾರಿಯಲ್ಲೇ ಹೋಯಿತು. ದರ ಹೇಳುವಾಗಲೇ ಅದನ್ನು ಸೇರಿಸಿಕೊಳ್ಳಿ. ಹೊರಗಿನಿಂದ ದುಡ್ಡು ಬಂದದ್ದಕ್ಕೆ ಸಿಗುವ ಎಫ್‌ಐಆರ್‌ಎ ಪತ್ರ ಇಳಿಸಿಟ್ಟುಕೊಳ್ಳಿ.

ಈಗ ಯಾವ ಕೆಲಸಕ್ಕೂ ಒಂದು ಪುಟದ ಒಪ್ಪಂದ ಕಳಿಸುತ್ತೇನೆ, ಕನ್ನಡದಲ್ಲೇ. ಮುಂಗಡ ಶೇ 40, ಅನಿಮ್ಯಾಟಿಕ್ (ಕಚ್ಚಾ ಚಿತ್ರಗಳನ್ನು ಜೋಡಿಸಿದ ವಿಡಿಯೋ) ಒಪ್ಪಿದ ಮೇಲೆ 30, ಕೊನೆ ಫೈಲ್‌ಗೆ ಮುಂಚೆ 30. ದನಿ ಪಕ್ಕಾ ಆಗದೆ ಲಿಪ್ ಸಿಂಕ್ ಶುರುವಿಲ್ಲ. ತಿದ್ದುಪಡಿ ಎರಡು ಸಲ, ಮೂರನೆಯದಕ್ಕೆ ದುಡ್ಡು. ಪೂರ್ತಿ ದುಡ್ಡು ಬರುವ ತನಕ ನೀರುಗುರುತು ಇರುವ ಸಣ್ಣ ವಿಡಿಯೋ ಮಾತ್ರ. ಪ್ರಾಜೆಕ್ಟ್ ಫೈಲ್ ಬೇಕಾದರೆ ಅದರ ಬೆಲೆ ಬೇರೆ. ಇದನ್ನು ಕಳಿಸಿದರೆ ಕ್ಲೈಂಟ್ ಓಡಿಹೋಗುತ್ತಾರೆ ಅಂತ ಹೆದರಿದ್ದೆ. ಇಬ್ಬರು ಹೋದರು. ಉಳಿದವರು ಸಹಿ ಹಾಕಿದರು.

ಅಪ್ಪನ ಪುಸ್ತಕದ ಪ್ರಕಾರ ಮೊದಲ ಆರ್ಥಿಕ ವರ್ಷದ ದುಡಿಮೆ 31,000. ಎರಡನೆಯದು 1,46,000. ಮೂರನೆಯದು 3,38,000. ಮೊದಲ ಪುಟದ ಆ ಬಾಕಿಯನ್ನು ಹೊಡೆದುಹಾಕೋಣವಾ ಅಂತ ಮೊನ್ನೆ ಕೇಳಿದೆ. "ಬರೋ ತನಕ ಇರ್ಲಿ" ಅಂದರು.

ಸಾಲ ಮುಗಿದ ಮೇಲೆ ಬ್ಯಾಂಕಿನಿಂದ ನೋ ಡ್ಯೂ, ಅಂದರೆ ಬಾಕಿ ಇಲ್ಲ ಅನ್ನುವ ಪತ್ರ ಕೇಳಿ ಪಡೆಯೋದು ಮರೆಯಬೇಡಿ. ಅವರಾಗಿ ಕೊಡಲ್ಲ. ನನಗೆ ಹದಿನೈದು ದಿನ ಬಿಟ್ಟು ಬನ್ನಿ ಅಂದಿದ್ದಾರೆ. ಅರ್ಜಿಯ ಪ್ರತಿಗೆ ಸೀಲ್ ಹಾಕಿಸಿಕೊಂಡು ಬಂದಿದ್ದೇನೆ.